ಹೊನ್ನಿನ ಮರಿಗೆ ತಾಯಿಯೂ ಬೇಕು

ಅಮೆರಿಕದ ಕುದುರೆ ಪತ್ರಿಕೆಗಳಲ್ಲಿ ಬೀಜದ ಕುದುರೆಗಳ ಜಾಹೀರಾತು ತಿರುವಿಹಾಕಿದರೆ ಒಂದು ಭರವಸೆ ಮತ್ತೆ ಮತ್ತೆ ಎದುರಾಗುತ್ತದೆ: ಹುಟ್ಟುವ ಪ್ರತಿ ಮರಿಗೂ ಬಣ್ಣ ಖಾತ್ರಿ. ಜೊತೆಗಿರುವ ಚಿತ್ರದಲ್ಲಿ ನಿಂತಿರುವುದು ಕೆನೆಬಣ್ಣದ ಮೈ, ಗುಲಾಬಿ ಮೂತಿ, ತಿಳಿನೀಲಿ ಕಣ್ಣಿನ ಒಂದು ಗಂಡುಕುದುರೆ. ಅದರ ಮೈಮೇಲೆ ಹೊನ್ನಿನ ಬಣ್ಣದ ಸುಳಿವೂ ಇಲ್ಲ. ಆದರೂ ಹೊನ್ನಿನ ಮೈ, ಬೆಳ್ಳಿಯ ಬಾಲದ ಮರಿ ಬೇಕೆನ್ನುವ ಸಾಕಣೆದಾರರು ತಮ್ಮ ಹೆಣ್ಣುಕುದುರೆಗೆ ಇದನ್ನೇ ಹುಡುಕಿಕೊಂಡು ಬರುತ್ತಾರೆ.

ಆ ಭರವಸೆ ಸುಳ್ಳಲ್ಲ. ಅಂಥ ಗಂಡಿಗೆ ಹುಟ್ಟುವ ಪ್ರತಿ ಮರಿಯಲ್ಲೂ ಬಣ್ಣ ತಿಳಿಯಾಗಿಸುವ ಕ್ರೀಮ್ ಎಂಬ ವಂಶವಾಹಿ ಇದ್ದೇ ಇರುತ್ತದೆ. ಆದರೆ ಆ ವಂಶವಾಹಿ ಹೊನ್ನನ್ನು ತಾನಾಗಿ ತಯಾರಿಸುವುದಿಲ್ಲ. ಇರುವ ಬಣ್ಣವನ್ನು ತಿಳಿ ಮಾಡುವುದಷ್ಟೇ ಅದರ ಕೆಲಸ. ಮರಿಯ ಮೂಲಬಣ್ಣ ಯಾವುದೆಂಬುದರಲ್ಲಿ ತಾಯಿಯ ಪಾಲು ತಂದೆಯಷ್ಟೇ ಇದೆ. ಬಣ್ಣದ ಮಾರುಕಟ್ಟೆಯಲ್ಲಿ ಗಂಡಿನ ಚಿತ್ರ ದೊಡ್ಡದಾಗಿ ಅಚ್ಚಾಗುತ್ತದೆ, ಹೆಣ್ಣಿನ ರಕ್ತದಲ್ಲಿ ಏನಿದೆ ಎಂದು ಕೇಳುವವರು ಕಡಿಮೆ. ಈ ಲೇಖನದ ಉದ್ದೇಶ ಆ ಪ್ರಶ್ನೆಯನ್ನು ಮುಂದಕ್ಕೆ ತರುವುದು.

ಕುದುರೆಯ ಮೈಬಣ್ಣ ಎಷ್ಟೇ ಬಗೆಯಾಗಿ ಕಂಡರೂ ಅದರ ಹಿಂದಿರುವುದು ಎರಡೇ ವರ್ಣದ್ರವ್ಯ. ಒಂದು ಕಪ್ಪು, ಇನ್ನೊಂದು ಕೆಂಪು. ಇವೆರಡರ ಹಂಚಿಕೆಯನ್ನು ಎರಡು ವಂಶವಾಹಿಗಳು ನಿರ್ಧರಿಸುತ್ತವೆ. ಮೊದಲನೆಯದು ಎಕ್ಸ್‌ಟೆನ್ಷನ್. ಅದು ಕೆಲಸ ಮಾಡದೆ ಹೋದರೆ ಕೂದಲಲ್ಲಿ ಕಪ್ಪು ತಯಾರಾಗುವುದೇ ಇಲ್ಲ, ಕುದುರೆ ತಲೆಯಿಂದ ಬಾಲದವರೆಗೆ ಕೆಂಗಂದಾಗಿರುತ್ತದೆ. ಕುದುರೆಮಂದಿ ಇದನ್ನು ಚೆಸ್ಟ್‌ನಟ್ ಎನ್ನುತ್ತಾರೆ. ಈ ದೋಷ ಡಿಎನ್‌ಎಯ ಯಾವ ಅಕ್ಷರದಲ್ಲಿದೆ ಎಂಬುದು 1996ರಲ್ಲಿ ಗೊತ್ತಾಯಿತು. ಎರಡನೆಯದು ಅಗೂಟಿ. ಕಪ್ಪನ್ನು ಮೈಯೆಲ್ಲ ಹರಡಲು ಬಿಡದೆ ಕೇಸರ, ಬಾಲ, ಕಾಲಿನ ಕೆಳಭಾಗಕ್ಕೆ ಸೀಮಿತಗೊಳಿಸುವುದು ಇದರ ಕೆಲಸ. ಆಗ ಸಿಗುವುದು ಕಂದು ಮೈ, ಕಪ್ಪು ಕಾಲಿನ ಬೇ. ಅಗೂಟಿ ಕೆಟ್ಟಿದ್ದರೆ ಕುದುರೆ ಪೂರ್ತಿ ಕಪ್ಪು. ಬೆಂಗಳೂರು ಟರ್ಫ್ ಕ್ಲಬ್ಬಿನ ರೇಸ್ ದಿನ ಪ್ಯಾಡಕ್ ಸುತ್ತುವ ಕುದುರೆಗಳನ್ನು ಕಂಡವರಿಗೆ ಈ ಬೇ, ಚೆಸ್ಟ್‌ನಟ್‌ಗಳ ಪರಿಚಯ ಇದ್ದೇ ಇರುತ್ತದೆ. ಕುಣಿಗಲ್ ಸ್ಟಡ್ ಫಾರ್ಮಿನಂಥ ಕಡೆ ಬೆಳೆಸುವ ಥರೋಬ್ರೆಡ್ ತಳಿಯಲ್ಲಿ ಹೆಚ್ಚಾಗಿ ಕಾಣುವ ಬಣ್ಣಗಳೇ ಇವು. ಆ ತಳಿಯಲ್ಲಿ ಕ್ರೀಮ್ ವಂಶವಾಹಿ ಇಲ್ಲವೇ ಇಲ್ಲ ಎನ್ನುವಂತಿಲ್ಲ, ಅಮೆರಿಕದ ಕೆಲವು ವಂಶಗಳಲ್ಲಿದೆ. ಆದರೆ ಅತ್ಯಂತ ಅಪರೂಪ.

ಕ್ರೀಮ್ ಕೆಲಸ ಶುರುಮಾಡುವುದು ಈ ಮೂರು ಮೂಲಬಣ್ಣಗಳ ಮೇಲೆ. ಪ್ರತಿ ಪ್ರಾಣಿಗೂ ಒಂದೊಂದು ವಂಶವಾಹಿಯ ಎರಡೆರಡು ಪ್ರತಿ ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಕ್ರೀಮ್‌ನ ಒಂದೇ ಪ್ರತಿ ಸಿಕ್ಕಿದರೆ ಕೆಂಪು ವರ್ಣದ್ರವ್ಯ ತಿಳಿಯಾಗುತ್ತದೆ, ಕಪ್ಪು ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಆದ್ದರಿಂದ ಕೆಂಪು ಮಾತ್ರ ಇರುವ ಚೆಸ್ಟ್‌ನಟ್ ಪ್ಯಾಲೊಮಿನೊ ಆಗುತ್ತದೆ: ಹೊನ್ನಿನ ಮೈ, ಬಿಳಿ ಕೇಸರ, ಬಿಳಿ ಬಾಲ. ಬೇ ಕುದುರೆಯಲ್ಲಿ ಮೈಯ ಕೆಂಪಷ್ಟೇ ಹಳದಿಗೆ ತಿರುಗಿ, ಕಾಲು, ಕೇಸರ ಕಪ್ಪಾಗಿಯೇ ಉಳಿದು ಬಕ್‌ಸ್ಕಿನ್ ಎನ್ನಿಸಿಕೊಳ್ಳುತ್ತದೆ. ಕಪ್ಪು ಕುದುರೆಯಲ್ಲಿ ತಿಳಿಯಾಗಲು ಕೆಂಪೇ ಇಲ್ಲ. ಅದನ್ನು ಸ್ಮೋಕಿ ಬ್ಲ್ಯಾಕ್ ಎಂದು ಕರೆದರೂ ನೋಡಲು ಕಪ್ಪೇ. ಬಿಸಿಲಿಗೆ ಸ್ವಲ್ಪ ಕಂದಾಗಿ ಕಂಡರೆ ಅಷ್ಟೇ ವ್ಯತ್ಯಾಸ.

ಎರಡೂ ಪ್ರತಿ ಕ್ರೀಮ್ ಆದರೆ ಕಪ್ಪಿಗೂ ಉಳಿಗಾಲವಿಲ್ಲ. ಚೆಸ್ಟ್‌ನಟ್ ಮೂಲದ್ದು ಕ್ರಿಮೆಲ್ಲೊ, ಬೇ ಮೂಲದ್ದು ಪರ್ಲಿನೊ, ಕಪ್ಪು ಮೂಲದ್ದು ಸ್ಮೋಕಿ ಕ್ರೀಮ್. ಮೂರಕ್ಕೂ ಗುಲಾಬಿ ಚರ್ಮ, ನೀಲಿ ಕಣ್ಣು, ಕೆನೆಯಂಥ ಮೈ. ಪರ್ಲಿನೊದ ಕೇಸರ ಮೈಗಿಂತ ಒಂದಿಷ್ಟು ಗಾಢವಾಗಿರಬಹುದು, ಆದರೆ ಕಣ್ಣಳತೆಯಿಂದ ಈ ಮೂರನ್ನು ಬೇರ್ಪಡಿಸಲು ಹೊರಟವರು ಅನುಭವಿಗಳಾದರೂ ಎಡವುತ್ತಾರೆ.

ಇಷ್ಟು ತಿಳಿದರೆ ಜಾಹೀರಾತಿನ ಭರವಸೆ ಎಲ್ಲಿಂದ ಬಂತೆಂಬುದು ಸ್ಪಷ್ಟ. ಪ್ಯಾಲೊಮಿನೊ ಗಂಡಿನಲ್ಲಿರುವುದು ಒಂದೇ ಕ್ರೀಮ್ ಪ್ರತಿ. ಅದು ಮರಿಗೆ ಹೋಗುವುದೋ ಇಲ್ಲವೋ ಎಂಬುದು ನಾಣ್ಯ ಚಿಮ್ಮಿದ ಹಾಗೆ. ಚೆಸ್ಟ್‌ನಟ್ ಹೆಣ್ಣಿಗೆ ಕೂಡಿಸಿದರೆ ಹೊನ್ನಿನ ಮರಿಗೆ ಅರ್ಧ ಅವಕಾಶ, ಕೆಂಗಂದು ಮರಿಗೆ ಇನ್ನರ್ಧ. ಕುದುರೆ ಹೊರುವುದು ಹನ್ನೊಂದು ತಿಂಗಳು, ಹಾಕುವುದು ಒಂದೇ ಮರಿ. ಹಂದಿಯಂತೆ ಒಂದೇ ಸಲಕ್ಕೆ ಹತ್ತು ಮರಿ ಹುಟ್ಟಿ ಲೆಕ್ಕ ಸರಿದೂಗುವ ಹಾಗಿಲ್ಲ. ಸತತ ಮೂರು ವರ್ಷ ಕೆಂಗಂದು ಮರಿಯೇ ಹುಟ್ಟಿದರೂ ನಾಲ್ಕನೆಯದಕ್ಕೆ ಅವಕಾಶ ಅರ್ಧವೇ, ಹಿಂದಿನ ಮರಿಗಳ ನೆನಪು ವಂಶವಾಹಿಗಿಲ್ಲ. ಸಣ್ಣ ಸಾಕಣೆದಾರನಿಗೆ ಇದು ವರ್ಷಗಟ್ಟಲೆ ಕಾಯುವ, ಖರ್ಚು ಮಾಡುವ ಜೂಜು. ಕ್ರಿಮೆಲ್ಲೊ ಗಂಡಿನ ಬಳಿ ಕೊಡಲು ಕ್ರೀಮ್ ಬಿಟ್ಟು ಬೇರೇನೂ ಇಲ್ಲ. ಚೆಸ್ಟ್‌ನಟ್ ಹೆಣ್ಣಿಗೆ ಅದನ್ನು ಕೂಡಿಸಿದರೆ ಪ್ರತಿ ಮರಿಯೂ ಪ್ಯಾಲೊಮಿನೊ. ಕ್ವಾರ್ಟರ್ ಹಾರ್ಸ್ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಅನುಮತಿ ಇರುವುದರಿಂದ ಟೆಕ್ಸಾಸಿನ ಗಂಡಿನ ವೀರ್ಯ ತಂಪುಪೆಟ್ಟಿಗೆಯಲ್ಲಿ ಇನ್ನೊಂದು ರಾಜ್ಯದ ಕೊಟ್ಟಿಗೆ ಸೇರುತ್ತದೆ. ಇಂಥ ಒಂದು ಗಂಡು ಎಷ್ಟು ದೂರದವರೆಗೆ ಹೊನ್ನು ಹಂಚಬಲ್ಲದು ಎಂದು ಊಹಿಸಿಕೊಳ್ಳಬಹುದು.

ತೊಡಕು ಹುಟ್ಟುವುದು ಹೆಣ್ಣು ಚೆಸ್ಟ್‌ನಟ್ ಅಲ್ಲದಿದ್ದಾಗ. ಬೇ ಹೆಣ್ಣಿಗೆ ಕ್ರಿಮೆಲ್ಲೊ ಕೂಡಿಸಿದವರು ಬಕ್‌ಸ್ಕಿನ್ ಮರಿ ಕಾದು ಕೂರುತ್ತಾರೆ. ಆ ಹೆಣ್ಣಿನಲ್ಲಿ ಕಪ್ಪು ತಯಾರಿಸುವ ವಂಶವಾಹಿಯ ಒಂದು ಪ್ರತಿ ಮಾತ್ರ ಸರಿಯಿದ್ದು ಇನ್ನೊಂದು ಕೆಟ್ಟಿದ್ದರೆ, ಬೇ ಬಣ್ಣದ ಒಳಗೆ ಚೆಸ್ಟ್‌ನಟ್ ಅಡಗಿದೆ ಎಂದರ್ಥ. ಆಗ ಮರಿ ಪ್ಯಾಲೊಮಿನೊ ಆಗುವ ಸಂಭವ ಅರ್ಧ. ಇನ್ನು ಅಗೂಟಿಯ ಲೆಕ್ಕ. ಚೆಸ್ಟ್‌ನಟ್ ಅಥವಾ ಕ್ರಿಮೆಲ್ಲೊ ಕುದುರೆಯಲ್ಲಿ ಕಪ್ಪೇ ಇಲ್ಲದ್ದರಿಂದ ಅಗೂಟಿ ಇದೆಯೋ ಇಲ್ಲವೋ ಕಾಣುವುದಿಲ್ಲ. ಕಪ್ಪು ಹೆಣ್ಣನ್ನು ಅದಕ್ಕೆ ಕೂಡಿಸಿದ ಮೇಲಷ್ಟೇ ಗುಟ್ಟು ಹೊರಬೀಳುತ್ತದೆ. ಅಗೂಟಿ ಇದ್ದರೆ ಬಕ್‌ಸ್ಕಿನ್ ಹುಟ್ಟಬಹುದು. ಇಲ್ಲದಿದ್ದರೆ ಸ್ಮೋಕಿ ಬ್ಲ್ಯಾಕ್, ಅಂದರೆ ಬಣ್ಣಕ್ಕೆಂದು ಸ್ಟಡ್ ಫೀ ಕಟ್ಟಿದವನ ಕೈಗೆ ಕಪ್ಪು ಮರಿ. ಖಾತ್ರಿ ಮಾತು ತಪ್ಪಿಲ್ಲ, ಕ್ರೀಮ್ ಒಳಗಿದೆ. ಕೊಂಡವನ ಕಣ್ಣಿಗೆ ಮಾತ್ರ ಕಾಣದು. ಒಳಗೆ ಚೆಸ್ಟ್‌ನಟ್ಟನ್ನೂ, ಕೆಟ್ಟ ಅಗೂಟಿಯನ್ನೂ ಅಡಗಿಸಿಕೊಂಡ ಬಕ್‌ಸ್ಕಿನ್ ಗಂಡೊಂದನ್ನು ಅಗೂಟಿ ಇಲ್ಲದ ಚೆಸ್ಟ್‌ನಟ್ ಹೆಣ್ಣಿಗೆ ಕೂಡಿಸಿದರೆ ಚೆಸ್ಟ್‌ನಟ್, ಬೇ, ಕಪ್ಪು, ಪ್ಯಾಲೊಮಿನೊ, ಬಕ್‌ಸ್ಕಿನ್, ಸ್ಮೋಕಿ ಬ್ಲ್ಯಾಕ್, ಈ ಆರರಲ್ಲಿ ಯಾವುದೂ ಹುಟ್ಟಬಹುದು. ಅದೇ ಗಂಡು, ಅದೇ ಹೆಣ್ಣು.

ನಿಜವಾದ ಖಾತ್ರಿ ಬೇಕೆನ್ನುವವರು ಹುಡುಕಬೇಕಾದ್ದು ಕಪ್ಪಿನ ವಂಶವಾಹಿ, ಅಗೂಟಿ, ಕ್ರೀಮ್ ಮೂರೂ ಎರಡೆರಡು ಪ್ರತಿ ಇರುವ ಪರ್ಲಿನೊ ಗಂಡನ್ನು. ಕ್ರೀಮ್ ಇಲ್ಲದ ಹೆಣ್ಣು ಚೆಸ್ಟ್‌ನಟ್ ಆಗಿರಲಿ, ಬೇ ಆಗಿರಲಿ, ಕಪ್ಪಾಗಿರಲಿ, ಮರಿ ಬಕ್‌ಸ್ಕಿನ್ನೇ. ಅಂಥ ಗಂಡುಗಳು ವಿರಳ. ತಾಯಿಯ ಬಣ್ಣ ಲೆಕ್ಕಕ್ಕೆ ಬಾರದ ಸಂದರ್ಭ ಇದೊಂದೇ ಎನ್ನಬಹುದು. ಅದಕ್ಕೂ ಒಂದು ಅಪವಾದ ಉಂಟು, ಅದು ಗ್ರೇ. ಗ್ರೇ ವಂಶವಾಹಿಯ ಒಂದೇ ಪ್ರತಿ ಸಾಕು, ಯಾವ ಬಣ್ಣದಲ್ಲಿ ಹುಟ್ಟಿದ ಮರಿಯೂ ವರ್ಷದಿಂದ ವರ್ಷಕ್ಕೆ ನರೆಯುತ್ತಾ ಬಿಳಿಯಾಗಿಬಿಡುತ್ತದೆ. ಗ್ರೇ ಹೆಣ್ಣಿಗೆ ಹುಟ್ಟಿದ ಹೊನ್ನಿನ ಮರಿಯನ್ನು ದುಬಾರಿ ಬೆಲೆಗೆ ಕೊಂಡವನ ಲಾಯದಲ್ಲಿ ಕೆಲವು ವರ್ಷಗಳ ಮೇಲೆ ಬಿಳಿ ಕುದುರೆ ನಿಂತಿರಬಹುದು. ಎಳೆಯ ಮರಿಯ ಕಣ್ಣಿನ ಸುತ್ತ ನರೆಕೂದಲು ಕಂಡರೆ ಅದೇ ಎಚ್ಚರಿಕೆ. 2008ರಲ್ಲಿ ಪತ್ತೆಯಾದ ಈ ವಂಶವಾಹಿ ಚರ್ಮದ ಮೆಲನೋಮ ಗಡ್ಡೆಗಳನ್ನೂ ಜೊತೆಗೆ ತರುತ್ತದೆ. ವಯಸ್ಸಾದ ಗ್ರೇ ಕುದುರೆಗಳಲ್ಲಿ ಅವು ಸಾಮಾನ್ಯ. ಕ್ರೀಮ್‌ನಲ್ಲಿ ಅಂಥ ಕೇಡೇನೂ ಕಂಡುಬಂದಿಲ್ಲ.

ಹೀಗಿದ್ದೂ ಕೆನೆಬಣ್ಣದ ಕುದುರೆ ದಶಕಗಳ ಕಾಲ ಅವಮಾನ ಉಂಡಿತು. ಈ ಇತಿಹಾಸವನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

1930ರ, 40ರ ದಶಕಗಳಲ್ಲಿ ಹಾಲಿವುಡ್ಡಿನ ಕೌಬಾಯ್ ಚಿತ್ರಗಳು ಪ್ಯಾಲೊಮಿನೊಗೆ ತಾರಾಪಟ್ಟ ಕೊಟ್ಟವು. ನಟ ರಾಯ್ ರಾಜರ್ಸ್ ಸವಾರಿ ಮಾಡುತ್ತಿದ್ದ ಟ್ರಿಗರ್ 1934ರಲ್ಲಿ ಹುಟ್ಟಿದ ಪ್ಯಾಲೊಮಿನೊ. ತಂದೆ ಥರೋಬ್ರೆಡ್, ತಾಯಿ ಯಾವ ವಂಶಾವಳಿ ಪುಸ್ತಕದಲ್ಲೂ ಹೆಸರಿಲ್ಲದ ಒಂದು ಪ್ಯಾಲೊಮಿನೊ ಹೆಣ್ಣು. ಜಗತ್ಪ್ರಸಿದ್ಧವಾದ ಆ ಹೊನ್ನು ಬಂದದ್ದು ಹೆಸರಿಲ್ಲದ ಆ ತಾಯಿಯ ಕಡೆಯಿಂದ. ಟ್ರಿಗರ್ ಬೀಜ ಒಡೆಸದ ಗಂಡೇ ಆಗಿದ್ದರೂ ಅದನ್ನು ಸಂತಾನಕ್ಕೆ ಬಳಸಲಿಲ್ಲ, ಆ ವಂಶ ಅಲ್ಲಿಗೇ ನಿಂತಿತು. ಅದು 1965ರಲ್ಲಿ ಸತ್ತ ಮೇಲೆ ಚರ್ಮವನ್ನು ಕುದುರೆಯಾಕಾರದಲ್ಲಿ ಹದಮಾಡಿ ಪ್ರದರ್ಶನಕ್ಕಿಟ್ಟಿದ್ದರು. 2010ರ ಹರಾಜಿನಲ್ಲಿ ಅದು ಎರಡೂವರೆ ಲಕ್ಷ ಡಾಲರಿಗೂ ಮೀರಿ ಮಾರಾಟವಾಯಿತು.

ಇಂಥ ಬಣ್ಣವನ್ನು ಎಲ್ಲರೂ ಬಯಸಿದರು. ಪ್ಯಾಲೊಮಿನೊ ಗಂಡಿಗೆ ಪ್ಯಾಲೊಮಿನೊ ಹೆಣ್ಣು ಕೂಡಿಸಿದರೆ ಎಲ್ಲವೂ ಹೊನ್ನೇ ಎಂದು ನಂಬಿದರು. ಹುಟ್ಟಿದ್ದೇ ಬೇರೆ. ನಾಲ್ಕರಲ್ಲಿ ಎರಡು ಪಾಲು ಹೊನ್ನಾದರೆ, ಒಂದು ಪಾಲು ಕೆಂಗಂದು, ಇನ್ನೊಂದು ಪಾಲು ನೀಲಿ ಕಣ್ಣಿನ ಪೇಲವ ಮರಿ. ಆ ಕೊನೆಯ ಪಾಲಿನವನ್ನು ‘ಆಲ್ಬಿನೊ’ ಎಂದು ಹೀಗಳೆದರು. 1940ರಲ್ಲಿ ಹುಟ್ಟಿದ ಅಮೆರಿಕನ್ ಕ್ವಾರ್ಟರ್ ಹಾರ್ಸ್ ಸಂಘ ಪ್ಯಾಲೊಮಿನೊ ತಂದೆತಾಯಿಗಳನ್ನು ದಾಖಲಿಸಿಕೊಂಡಿತು, ಅವುಗಳಿಗೆ ಹುಟ್ಟಿದ ಕ್ರಿಮೆಲ್ಲೊ ಮರಿಯನ್ನು ಈ ಶತಮಾನದ ಆರಂಭದವರೆಗೂ ಹೊರಗಿಟ್ಟಿತು. ದಾಖಲೆ ಇಲ್ಲದ ಕುದುರೆಗೆ ಬೆಲೆಯಿಲ್ಲ, ಬೆಲೆಯಿಲ್ಲದ ಮರಿಯನ್ನು ಸಾಕುವವರೂ ವಿರಳ. ಎಷ್ಟೋ ಮರಿಗಳನ್ನು ಹುಟ್ಟಿದೊಡನೆ ಕೊಂದುಹಾಕಿದರು ಎಂಬ ಮಾತು ಹಳೆಯ ಸಾಕಣೆದಾರರಲ್ಲಿ ಇಂದಿಗೂ ಉಂಟು.

ವಿಜ್ಞಾನದ ಕಡೆಯಿಂದ ಉತ್ತರ ಆಗಲೇ ಸಿದ್ಧವಾಗುತ್ತಿತ್ತು. ಪ್ಯಾಲೊಮಿನೊ ತನ್ನಂಥದ್ದನ್ನು ಮಾತ್ರವೇ ಹಡೆಯಲಾರದು, ಅದು ಎರಡು ಬಣ್ಣಗಳ ನಡುವಿನ ಮಿಶ್ರಸ್ಥಿತಿ ಎಂಬುದಕ್ಕೆ ತಳಿವಿಜ್ಞಾನಿ ವಿಲಿಯಂ ಕ್ಯಾಸಲ್ ಸಹೋದ್ಯೋಗಿಯೊಡನೆ 1951ರಲ್ಲಿ ಹೊಸ ಪುರಾವೆ ಒದಗಿಸಿದರು. ಹೊನ್ನಿನ ಕುದುರೆಗಳ ಜೋಡಿ ಹಡೆಯುವ ಪೇಲವ ಮರಿ ವಿಕಾರವಲ್ಲ, ಲೆಕ್ಕದ ಪ್ರಕಾರ ಬರಲೇಬೇಕಾದ ಮರಿ. ಮುಂದಿನ ಪೀಳಿಗೆಗೆ ಹೊನ್ನನ್ನು ತಪ್ಪದೆ ದಾಟಿಸಬಲ್ಲ ಮರಿಯೂ ಅದೇ. ಚಿನ್ನದ ಗಣಿಯನ್ನು ಮಣ್ಣೆಂದು ಎಸೆದ ಈ ತಪ್ಪು ತಿದ್ದಿಕೊಳ್ಳಲು ಸಂಘಗಳಿಗೆ ಇನ್ನರ್ಧ ಶತಮಾನ ಹಿಡಿಯಿತು.

ಪೇಲವ ಮರಿಯ ಮೇಲಿನ ಭಯಕ್ಕೆ ಒಂದು ಕಾರಣ ಇತ್ತು ಎಂಬುದನ್ನೂ ಹೇಳಬೇಕು. ಫ್ರೇಮ್ ಓವರೊ ಎಂಬ ಬಿಳಿಮಚ್ಚೆಯ ಎರಡು ಕುದುರೆಗಳನ್ನು ಕೂಡಿಸಿದರೆ ನಾಲ್ಕರಲ್ಲಿ ಒಂದು ಮರಿ ಅಚ್ಚಬಿಳಿಯಾಗಿ, ನೀಲಿ ಕಣ್ಣಿನೊಡನೆ ಹುಟ್ಟುತ್ತದೆ. ಅದರ ಕರುಳಿನಲ್ಲಿ ನರಗಳು ಬೆಳೆದಿರುವುದಿಲ್ಲ, ಸಗಣಿ ಹೊರಹೋಗದೆ ಹೊಟ್ಟೆನೋವಿನಲ್ಲಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಇದನ್ನು ಕಂಡವರು ಬಿಳಿಚಿದ ಮರಿಯೆಂದರೆ ಹೆದರಿದ್ದು ಸಹಜ. ಆದರೆ ಇದು ಬೇರೆಯದೇ ವಂಶವಾಹಿಯ ಕೆಲಸ. ಕ್ರಿಮೆಲ್ಲೊ ಮೈಗೆ ಕೆನೆಯ ಛಾಯೆ ಇರುತ್ತದೆ, ಕಾಲಿನ ಅಥವಾ ಹಣೆಯ ನಿಜವಾದ ಬಿಳಿ ಗುರುತು ಅದರ ನಡುವೆ ಬೇರೆಯಾಗಿ ಕಾಣುತ್ತದೆ. ಅದರ ಗುಲಾಬಿ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ನೆರಳು ಬೇಕು. ಮಿಕ್ಕಂತೆ ಗಟ್ಟಿಮುಟ್ಟಾದ ಕುದುರೆ.

ಕ್ರೀಮ್ ಎಲ್ಲಿದೆ ಎಂಬುದನ್ನು ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಆನ್ ಬೌಲಿಂಗ್ ಮತ್ತು ಸಂಗಡಿಗರು 21ನೇ ವರ್ಣತಂತುವಿನವರೆಗೆ ಬೆನ್ನಟ್ಟಿದ್ದು 2001ರಲ್ಲಿ ಪ್ರಕಟವಾಯಿತು. 2003ರಲ್ಲಿ ಫ್ರಾನ್ಸಿನ ಡೆನಿಸ್ ಮಾರಿಯಾ ಅವರ ತಂಡ ಅಪರಾಧಿ ಅಕ್ಷರವನ್ನೇ ಹಿಡಿಯಿತು. ಎಸ್‌ಎಲ್‌ಸಿ45ಎ2 ಎಂಬ ವಂಶವಾಹಿಯಲ್ಲಿ ಜಿ ಇರಬೇಕಾದ ಕಡೆ ಎ ಬಂದು ಕೂತಿದೆ. ಅದರಿಂದ ಪ್ರೋಟೀನಿನ 153ನೇ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಮ್ಲದ ಬದಲು ಆಸ್ಪರಜಿನ್ ಸೇರುತ್ತದೆ. ಇಷ್ಟೇ ವ್ಯತ್ಯಾಸ. ವರ್ಣದ್ರವ್ಯ ತಯಾರಾಗುವ ಕಣಗಳ ಪೊರೆಯಲ್ಲಿ ಕೂತು ಕೆಲಸ ಮಾಡಬೇಕಾದ ಪ್ರೋಟೀನು ಮಂಕಾಗುತ್ತದೆ, ಕೆಂಪು ಮೊದಲು ಸೋಲುತ್ತದೆ.

ಈ ವಂಶವಾಹಿಯ ಕೈಚಳಕ ಕನ್ನಡಿಗರಿಗೆ ಹೊಸದಲ್ಲ, ಮೈಸೂರು ಮೃಗಾಲಯದಲ್ಲಿ ಬಿಳಿ ಹುಲಿಯನ್ನು ನೋಡಿದವರೆಲ್ಲ ಅದನ್ನು ನೋಡಿದ್ದಾರೆ. ಹುಲಿಯ ಕಿತ್ತಳೆ ಬಣ್ಣ ಮಾಯವಾಗಿ ಪಟ್ಟೆ ಮಾತ್ರ ಕಪ್ಪಾಗಿ ಉಳಿಯುವುದಕ್ಕೂ ಇದೇ ಎಸ್‌ಎಲ್‌ಸಿ45ಎ2 ವಂಶವಾಹಿಯ ಇನ್ನೊಂದು ಬದಲಾವಣೆ ಕಾರಣವೆಂದು 2013ರಲ್ಲಿ ಚೀನಾದ ವಿಜ್ಞಾನಿಗಳು ತೋರಿಸಿದರು. ಬಕ್‌ಸ್ಕಿನ್ ಕುದುರೆಯ ಮೈ ತಿಳಿಯಾಗಿ ಕಾಲು ಕಪ್ಪಾಗಿ ಉಳಿಯುವ ಬಗೆಯೇ ಇಲ್ಲೂ. ಹುಲಿಯಲ್ಲಿ ಮಾತ್ರ ಎರಡು ಪ್ರತಿ ಬೇಕು. 1951ರಲ್ಲಿ ರೀವಾದ ಮಹಾರಾಜರು ಹಿಡಿಸಿದ ಮೋಹನ್ ಎಂಬ ಬಿಳಿ ಹುಲಿಯನ್ನು ಅದರ ಮಗಳು ರಾಧಾಳಿಗೇ ಕೂಡಿಸಿ 1958ರಲ್ಲಿ ಬಿಳಿ ಮರಿಗಳನ್ನು ಪಡೆದರು. ಬಣ್ಣಕ್ಕಾಗಿ ಹತ್ತಿರದ ರಕ್ತವನ್ನೇ ಮತ್ತೆ ಮತ್ತೆ ಬೆರೆಸಿದ್ದರ ಫಲವನ್ನು, ಹಲವು ಊನಗಳನ್ನು, ಆ ಸಂತತಿ ಇಂದಿಗೂ ಹೊತ್ತಿದೆ. ಕುದುರೆಯಲ್ಲಿ ಒಂದೇ ಪ್ರತಿ ಹೊನ್ನು ಕೊಡುವುದರಿಂದ ಅಂಥ ಒತ್ತಡವಿಲ್ಲ, ಆದರೂ ಬಣ್ಣದ ಹುಚ್ಚು ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಮೋಹನನ ವಂಶಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಮತ್ತೆ ಕಪ್ಪಿನೊಳಗೆ ಅಡಗುವ ಕ್ರೀಮ್‌ಗೆ ಬರೋಣ, ಈ ವಿಷಯದಲ್ಲಿ ನನಗೆ ಅತಿ ಕುತೂಹಲದ ಭಾಗ ಅದು. 1974ರಲ್ಲಿ ತಳಿವಿಜ್ಞಾನಿ ಸ್ಟೆಫಾನ್ ಅದಾಲ್‌ಸ್ಟೈನ್‌ಸನ್ ಐಸ್‌ಲ್ಯಾಂಡಿನ ಕುದುರೆಗಳಲ್ಲಿ ಪ್ಯಾಲೊಮಿನೊ ಬಣ್ಣ ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿಯುತ್ತದೆಂದು ವಿವರಿಸಿ, ಈ ವಂಶವಾಹಿಯ ಒಂದೇ ಪ್ರತಿ ಕಪ್ಪನ್ನು ಮುಟ್ಟುವುದಿಲ್ಲ ಎಂದು ತೋರಿಸಿದರು. ಅಂದರೆ ಕಡುಗಪ್ಪು ಗಂಡೊಂದು ಚೆಸ್ಟ್‌ನಟ್ ಹೆಣ್ಣಿನಲ್ಲಿ ಹೊನ್ನಿನ ಮರಿ ಹುಟ್ಟಿಸಬಹುದು. ಇದು ಗೊತ್ತಿಲ್ಲದ ಕಾಲದಲ್ಲಿ ಬೇಲಿ ಹಾರಿದ ಇನ್ಯಾವುದೋ ಗಂಡಿನ ಮೇಲೆ ಅನುಮಾನ ಬೀಳುತ್ತಿತ್ತು. ಇದಕ್ಕಿಂತ ಚಾಲಾಕಿ ಪರ್ಲ್. ಇದು ಅದೇ ವಂಶವಾಹಿಯ ಇನ್ನೊಂದು ರೂಪ, ಸ್ಪೇನ್, ಪೋರ್ಚುಗಲ್ ಮೂಲದ ಕುದುರೆಗಳಲ್ಲೂ ಕ್ವಾರ್ಟರ್ ಹಾರ್ಸ್‌ಗಳಲ್ಲೂ ಇದೆ. ಒಂಟಿಯಾಗಿದ್ದರೆ ಏನೂ ಕಾಣದು. ಕ್ರೀಮ್ ಜೊತೆ ಸೇರಿತೋ, ಮರಿ ಕ್ರಿಮೆಲ್ಲೊವನ್ನು ಹೋಲುವಷ್ಟು ಪೇಲವ. ಪ್ಯಾಲೊಮಿನೊ ಗಂಡಿಗೆ, ನೋಡಲು ಅಪ್ಪಟ ಚೆಸ್ಟ್‌ನಟ್ ಆದ ಹೆಣ್ಣಿಗೆ ತಿಳಿಗಣ್ಣಿನ ಮರಿ ಹುಟ್ಟಿದರೆ ತಾಯಿಯಲ್ಲಿ ಪರ್ಲ್ ಇದೆಯೇ ಎಂದು ನೋಡಬೇಕು.

ಹೆಸರನ್ನು ನಂಬಿಯೂ ಮೋಸಹೋಗಬಹುದು. ಅಯೋವಾ ರಾಜ್ಯದ ಅಮೆರಿಕನ್ ಕ್ರೀಮ್ ಡ್ರಾಫ್ಟ್ ಎಂಬ ಗಾಡಿಕುದುರೆ ತಳಿಯ ಹೆಸರಲ್ಲೇ ಕ್ರೀಮ್ ಇದೆ, ಆದರೆ ಆ ಬಣ್ಣ ಕೊಟ್ಟದ್ದು ಷಾಂಪೇನ್ ಎಂಬ ಬೇರೆ ವಂಶವಾಹಿ. ಬಕ್‌ಸ್ಕಿನ್ ಹಾಗೆ ಕಾಣುವ ಡನ್ ಕುದುರೆಯೂ ಬೇರೆಯೇ. ಬೆನ್ನಿನ ಉದ್ದಕ್ಕೂ ಓಡುವ ಕಪ್ಪು ಗೆರೆ ಅದರ ಗುರುತು.

ಬಣ್ಣಕ್ಕೆ ಶುಭಾಶುಭ ಕಟ್ಟುವುದು ನಮ್ಮಲ್ಲೂ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಕುದುರೆಗಳನ್ನು ಬಣ್ಣದ ಮೇಲೆ ವಿಂಗಡಿಸಿದೆ. ನಾಲ್ಕು ಕಾಲು, ಮುಖ ಬಿಳಿಯಾದ ಪಂಚಕಲ್ಯಾಣಿ ಇಂದಿಗೂ ಮಂಗಳಕರ, ಮಾರ್ವಾರಿ ಸಾಕುವವರಲ್ಲಿ ಕಪ್ಪು ಕುದುರೆ ಅಪಶಕುನ ಎನ್ನುವವರಿದ್ದಾರೆ. ಪಂಜಾಬ್, ರಾಜಸ್ಥಾನಗಳಲ್ಲಿ ಗುಲಾಬಿ ಚರ್ಮದ ಬಿಳಿ ಕುದುರೆಗೆ ನುಕ್ರಾ ಎಂಬ ಹೆಸರು. ಮದುವೆ ಮೆರವಣಿಗೆಗೆ, ಪ್ರದರ್ಶನಕ್ಕೆ ಅದಕ್ಕೆ ಬಲು ಬೇಡಿಕೆ. ಆ ಬಿಳುಪು ಎರಡು ಕ್ರೀಮ್ ಪ್ರತಿಗಳಿಂದಲೂ ಬರಬಹುದು, ಬಿಳಿಮಚ್ಚೆಯ ವಂಶವಾಹಿಗಳಿಂದಲೂ ಬರಬಹುದು. ಕೊಳ್ಳುವವರಿಗೆ ಎರಡೂ ಒಂದೇ ಎನಿಸಿದರೂ ಮರಿ ಮಾಡಿಸುವವರಿಗೆ ಒಂದೇ ಅಲ್ಲ. ಎರಡು ಕ್ರೀಮ್ ಇರುವ ಗಂಡಿಗೆ ಕ್ರೀಮ್ ಇಲ್ಲದ ಬಣ್ಣದ ಹೆಣ್ಣು ಕೂಡಿಸಿದರೆ ಬಿಳಿ ಮರಿ ಹುಟ್ಟುವುದಿಲ್ಲ, ಹೊನ್ನಿನದೋ ಸ್ಮೋಕಿ ಬ್ಲ್ಯಾಕೋ ಬಕ್‌ಸ್ಕಿನ್ನೋ ಹುಟ್ಟುತ್ತದೆ.

ಕ್ರೀಮ್ ಗಂಡನ್ನು ಹುಡುಕುವವರಿಗೆ ನನ್ನ ಮಾತು ಇಷ್ಟು. ಮೊದಲು ಕಾಲು, ಗೊರಸು, ಬೆನ್ನು, ಗುಣ ನೋಡಿ. ಆಮೇಲೆ ತಳಿಗೆ ಅಂಟಿಬಂದ ಕಾಯಿಲೆಗಳ ಪರೀಕ್ಷೆ ಕೇಳಿ, ಕ್ವಾರ್ಟರ್ ಹಾರ್ಸ್‌ನಲ್ಲಿ ಸ್ನಾಯು ಮತ್ತು ಚರ್ಮದ ಅಂಥ ಕಾಯಿಲೆಗಳಿವೆ. ಬಣ್ಣದ ಸರದಿ ಇವೆಲ್ಲ ಆದ ಮೇಲೆ. ಅಲ್ಲಿಯೂ ಗಂಡಿನ ಪರೀಕ್ಷಾ ವರದಿಯೊಂದನ್ನೇ ನಂಬಿ ಹಣ ಕಟ್ಟಬೇಡಿ. ನಿಮ್ಮ ಹೆಣ್ಣುಕುದುರೆಯ ಕೇಸರದಿಂದ ಬುಡಸಮೇತ ಕಿತ್ತ ಕೆಲವು ಕೂದಲೆಳೆಗಳು ಸಾಕು. ಎಕ್ಸ್‌ಟೆನ್ಷನ್, ಅಗೂಟಿ, ಕ್ರೀಮ್, ಪರ್ಲ್, ಗ್ರೇ, ಈ ಐದನ್ನು ಪ್ರಯೋಗಾಲಯದಲ್ಲಿ ನೋಡಿಸಿ, ಎರಡು ವರದಿಗಳನ್ನು ಪಕ್ಕಪಕ್ಕ ಇಟ್ಟು ಲೆಕ್ಕಹಾಕಿ. ಆ ಪರೀಕ್ಷೆಯ ಖರ್ಚು ಹನ್ನೊಂದು ತಿಂಗಳು ಗಬ್ಬದ ಕುದುರೆ ಸಾಕುವ ಖರ್ಚಿನ ಮುಂದೆ ಏನೂ ಅಲ್ಲ. ಹಾಗೆ ಲೆಕ್ಕ ಹಾಕಿಯೂ ನೀಲಿ ಕಣ್ಣಿನ ಮರಿ ಹುಟ್ಟಿದರೆ ಅದನ್ನು ಜತನದಿಂದ ಸಾಕಿ, ಬಿಸಿಲಿಗೆ ನೆರಳು ಕೊಡಿ.